ನೀರಲ್ಲಿ ಕಾಂಕ್ರೀಟ್ ತೆಗೀತೀವಿ ಅಂದವರ ಮೋಟಾರ್ ಪ್ಲೇಟ್ ಮೊದಲು ನೋಡಿ

ಹೈಡ್ರೋಡೆಮಾಲಿಷನ್ (ಭಾರೀ ಒತ್ತಡದ ನೀರಿನ ಜೆಟ್‌ನಲ್ಲಿ ಕೆಟ್ಟ ಕಾಂಕ್ರೀಟ್ ತೆಗೆಯೋದು) ರೇಟಿಗೆ ದುಡ್ಡು ತಗೊಂಡ ಕಾಂಟ್ರಾಕ್ಟರು, ರಾತ್ರಿ ಬ್ರೇಕರ್ (ಉಳಿ ಬಡಿಯೋ ಯಂತ್ರ) ಹೊಡೆದು, ಬೆಳಗ್ಗೆ ಮೇಲೆ ನೀರು ಹಾಯಿಸಿ ಫೋಟೋ ತೆಗೆದು ಕೊಟ್ಟಿದ್ದಾರೆ. ವಿಷಯ ಇಷ್ಟೇ. ಮಳೆ ಹಿಡಿಯೋದಕ್ಕೆ ಮುಂಚೆ ಪೋಡಿಯಂ, ರ‍್ಯಾಂಪ್, ಜೆಟ್ಟಿ ರಿಪೇರಿಗೆ ಕೊಟೇಶನ್ ತರಿಸ್ತಾ ಇರೋರು ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ.

ಮಂಗಳೂರು ಕಡೆ ಕಡಲಿಗೆ ಹತ್ತಿರದ ಒಂದು ಅಪಾರ್ಟ್‌ಮೆಂಟ್. ಪಾರ್ಕಿಂಗ್ ಮೇಲಿನ ಪೋಡಿಯಂ ಸ್ಲ್ಯಾಬ್, ರಿಪೇರಿ ಜಾಗ 140 ಚದರ ಮೀಟರ್. ವಾಟರ್‌ಪ್ರೂಫಿಂಗ್ ಸತ್ತು ವರ್ಷಗಳಾಗಿ, ಉಪ್ಪು ಒಳಗಿಳಿದು, ಕಂಬಿ ತುಕ್ಕು ಹಿಡಿದು ಉಬ್ಬಿತ್ತು. ಸುತ್ತಿಗೆಯಲ್ಲಿ ತಟ್ಟಿದರೆ ಅರ್ಧಕ್ಕರ್ಧ ಟೊಳ್ಳು ಸದ್ದು. ಬ್ರೇಕರ್ ಬೇಡ, ನೀರಲ್ಲೇ ತೆಗೆಸೋಣ ಅಂತ ತೀರ್ಮಾನ ಆಗಿದ್ದಕ್ಕೆ ಕಾರಣ ಇತ್ತು. ಬ್ರೇಕರ್ ಉಳಿ ಬಿದ್ದ ಕಡೆ ಕೆಳಗೆ ಉಳಿಯೋ ಒಳ್ಳೆ ಕಾಂಕ್ರೀಟಿನ ಮೇಲ್ಪದರದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತೆ. ಕಣ್ಣಿಗೆ ಕಾಣಲ್ಲ. ಆ ಪೆಟ್ಟು ತಿಂದ ಪದರದ ಮೇಲೆ ಎಂಥ ದುಬಾರಿ ರಿಪೇರಿ ಮಾರ್ಟರ್ ಹಾಕಿದರೂ ಪದರ ಸಮೇತ ಎದ್ದು ಬರುತ್ತೆ. ನೀರಿನ ಜೆಟ್ ಹಾಗಲ್ಲ. ಸಿಮೆಂಟ್ ಗಾರೆಯೊಳಗೆ ನುಗ್ಗಿ ಒಳಗಿನಿಂದ ಬಿಡಿಸುತ್ತೆ, ಕಂಬಿ ಮುಟ್ಟಲ್ಲ, ಸತ್ತ ಜಾಗದಲ್ಲಿ ತಾನೇ ಆಳಕ್ಕೆ ಹೋಗುತ್ತೆ, ಗಟ್ಟಿ ಜಾಗದಲ್ಲಿ ನಿಲ್ಲುತ್ತೆ. ಇದಕ್ಕೇ ಬ್ರೇಕರ್‌ನ ಮೂರು ಪಟ್ಟು ರೇಟು ಒಪ್ಪಿದ್ದು. ಮೂರು ಪಟ್ಟು!

ಕೊಟೇಶನ್‌ನಲ್ಲಿ ಇದ್ದದ್ದು ಹೀಗೆ: "ಪ್ರೆಶರ್ 20,000, ನಿಮಿಷಕ್ಕೆ 100 ಲೀಟರ್." 20,000 ಏನು? ಬಾರಾ, ಪಿಎಸ್‌ಐನಾ? ಯೂನಿಟ್ಟೇ ಇಲ್ಲ. ಕೇಳಿದ್ದಕ್ಕೆ "ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಸಾರ್" ಅಂದ್ರು. ಆವತ್ತೇ ಗೇಟು ತೋರಿಸಬೇಕಿತ್ತು. ಪಿಎಸ್‌ಐ ಅಂತಲೇ ಇಟ್ಕೊಳ್ಳಿ, 14.5ರಿಂದ ಭಾಗಿಸಿದರೆ ಸುಮಾರು 1380 ಬಾರ್. ಕಾಂಕ್ರೀಟ್ ತೆಗೆಯೋಕೆ ಅದು ಸರಿಯಾದ ಪ್ರೆಶರ್ರೇ. ಆದರೆ ಒಂದು ಸಣ್ಣ ಲೆಕ್ಕ ಇದೆ: ಬಾರ್ ಗುಣಿಸು ನಿಮಿಷದ ಲೀಟರ್, ಭಾಗಿಸು 600, ಬರೋದು ಕಿಲೋವ್ಯಾಟ್. 1380 × 100 ÷ 600 = 230 ಕಿಲೋವ್ಯಾಟ್. ಅಂದರೆ 300 ಎಚ್‌ಪಿ ಮೇಲಿನ ಡೀಸೆಲ್ ಎಂಜಿನ್ ಬೇಕು. ಅದು ಕಂಟೇನರ್‌ನಲ್ಲಿ ಕೂತು ಲಾರಿ ಮೇಲೆ ಬರುತ್ತೆ. ಇವರು ತಂದದ್ದು ಟೆಂಪೋದಲ್ಲಿ ಟ್ರಾಲಿ ಪಂಪು. ಮೋಟಾರ್ ಪ್ಲೇಟಿನ (ಅದರ ಶಕ್ತಿ ಬರೆದಿರೋ ತಗಡು) ಮೇಲಿನ ಗ್ರೀಸು ಒರೆಸಿ ನೋಡಿದಾಗ 37 ಕಿಲೋವ್ಯಾಟ್. ಪಂಪ್ ಪ್ಲೇಟಿನಲ್ಲಿ 500 ಬಾರ್, 40 ಲೀಟರ್. ಕಾರ್ಖಾನೆಯಲ್ಲಿ ಪೈಪು, ಟ್ಯಾಂಕು ತೊಳೆಯೋ ಯಂತ್ರ ಅದು. ಅದರಲ್ಲಿ ಪೇಂಟು ಹೋಗುತ್ತೆ, ಪಾಚಿ ಹೋಗುತ್ತೆ, ಮೇಲಿನ ಸಡಿಲು ಪುಡಿ ಹೋಗುತ್ತೆ. ಸ್ಲ್ಯಾಬ್ ಹೋಗಲ್ಲ.

ಒರೆಸಿ ನೋಡಿದ್ದು ಯಾವಾಗ ಗೊತ್ತಾ? ಕೆಲಸ ಎಲ್ಲ ಮುಗಿದ ಮೇಲೆ. ಅದೇ ನಾಚಿಕೆ.

ಇನ್ನೊಂದು ಕುರುಹು ಕಣ್ಣೆದುರೇ ಇತ್ತು. ಗನ್ ಹಿಡಿದಿದ್ದವನು ಒಬ್ಬ ಹುಡುಗ, ಕಾಲಿಗೆ ಹವಾಯಿ ಚಪ್ಪಲಿ. 1380 ಬಾರಿನಲ್ಲಿ 100 ಲೀಟರ್ ಹೊರಬಿದ್ದರೆ ಹಿಂದಕ್ಕೆ ಒದೆಯೋ ಬಲ ಸುಮಾರು 875 ನ್ಯೂಟನ್, ಹತ್ತಿರ ಹತ್ತಿರ 90 ಕೆಜಿ. 250 ನ್ಯೂಟನ್ ದಾಟಿದರೆ ಕೈಯಲ್ಲಿ ಹಿಡಿಯೋ ಮಾತೇ ಇಲ್ಲ, ರೋಬೋ ಮೇಲೆ ಕೂರಿಸಬೇಕು. ಇವನು ಆರಾಮಾಗಿ ನಿಂತಿದ್ದ. (ಹಾಗಂತ 500 ಬಾರು ಆಟದ ಸಾಮಾನಲ್ಲ. ಕಾಲಿಗೆ ತಗುಲಿದರೆ ಮೇಲೆ ಸೂಜಿ ಚುಚ್ಚಿದಷ್ಟೇ ತೂತು, ಒಳಗೆ ಮಾಂಸ ಹರಿದಿರುತ್ತೆ, ಕೊಳಕು ನೀರು ಒಳಗೇ ಇರುತ್ತೆ. ಬ್ಯಾಂಡೇಜ್ ಹಾಕಿ ಮನೆಗೆ ಕಳಿಸೋದಲ್ಲ, ಸೀದಾ ಸರ್ಜನ್ ಹತ್ತಿರ. ಅವನಿಗೆ ಶೂ ಕೊಡಿಸಿ ಅಂದ್ರೆ ಅದಕ್ಕೂ "ಅಭ್ಯಾಸ ಇದೆ ಸಾರ್".)

ಟ್ರಯಲ್ ಪ್ಯಾಚ್ ಮಾಡಿ ಅಂತ ಕೇಳಲಾಗಿತ್ತು. ಸರಿಯಾಗಿ ಮಾಡೋರು ಮೊದಲು ಗಟ್ಟಿ ಕಾಂಕ್ರೀಟಿನ ಮೇಲೆ ಎರಡು ಚದರ ಮೀಟರ್ ಓಡಿಸಿ, ಪ್ರೆಶರ್, ಲೀಟರ್, ನಾಝಲ್ ಅಳತೆ, ಕೋನ, ಓಡೋ ವೇಗ ಎಲ್ಲ ಹೊಂದಿಸ್ತಾರೆ. ಆಮೇಲೆ ಹಾಳಾದ ಜಾಗದಲ್ಲಿ ಅದೇ ಸೆಟ್ಟಿಂಗ್ ಓಡಿಸಿ, ಕೆಟ್ಟದ್ದು ಪೂರ್ತಿ ಬಂತಾ ನೋಡಿ, ಬರೆದು ಲಾಕ್ ಮಾಡ್ತಾರೆ. ಇವರು "ಟೈಮ್ ವೇಸ್ಟ್ ಸಾರ್, ಮಳೆ ಬಂದ್ರೆ ನೀವೇ ಬೈತೀರಿ" ಅಂದ್ರು. ಅದೂ ನಡೀತು.

ಈಗ ಮುಖ್ಯ ಸಂಗತಿ. ನಾಲ್ಕನೇ ದಿನ ಬೆಳಗ್ಗೆ ತೆಗೆದ ಜಾಗಕ್ಕೆ ಬಗ್ಗಿ ನೋಡಿದರೆ ಜಲ್ಲಿ ಒಡೆದಿದೆ. ನೀರಲ್ಲಿ ತೆಗೆದ ಮೈ ಹೇಗಿರುತ್ತೆ ಅಂದರೆ, ಜಲ್ಲಿ ಇಡಿಯಾಗಿ, ಅರ್ಧ ಮೇಲೆ ಎದ್ದು, ಸುತ್ತ ಗಾರೆ ತೊಳೆದು ಹೋಗಿರುತ್ತೆ, ಹಲ್ಲು ವಸಡಿನಿಂದ ಎದ್ದ ಹಾಗೆ. ಇಲ್ಲಿ ಕರಿಕಲ್ಲು ಜಲ್ಲಿ ಚಪ್ಪಟೆಯಾಗಿ ಸೀಳಿ, ಹೊಸ ಮುಖ ಬಿಸಿಲಿಗೆ ಮಿಂಚ್ತಾ ಇತ್ತು. ಬೆರಳಗಲದ ಗುಳಿ, ಗುಳಿ ಸುತ್ತ ಬಿಳಿ ಪುಡಿ. ಕಂಬಿಯ ಏಣಿನ ಮೇಲೆ ಹೊಸ ಉಳಿ ಏಟು. ತೆಗೆದದ್ದನ್ನ ತುಂಬಿಟ್ಟ ಮೂಟೆ ಬಿಚ್ಚಿದರೆ ಕೈಯಗಲದ ಕಾಂಕ್ರೀಟ್ ಹೆಂಟೆಗಳು. ನೀರಿನ ಕೆಲಸದ ಮಣ್ಣಲ್ಲಿ ಹೆಚ್ಚಾಗಿ ಬಿಡಿ ಜಲ್ಲಿ, ಮರಳು, ಕೆಸರು ಇರುತ್ತೆ.

ಇದೇನು ಅಂತ ಕೇಳಿದ್ದಕ್ಕೆ ಕಾಂಟ್ರಾಕ್ಟರ ಉತ್ತರಗಳು ಬಂದ ಕ್ರಮದಲ್ಲೇ ಇಲ್ಲಿವೆ:

"ನೀರಿನ ಹೊಡೆತಕ್ಕೆ ಕಲ್ಲೂ ಒಡೆಯುತ್ತೆ ಸಾರ್."

"ಮೂಲೆಗೆ ಮಾತ್ರ ಬ್ರೇಕರ್ ಹಾಕಿದ್ದು."

"ರಾತ್ರಿ ಲೇಬರ್ ಏನು ಮಾಡಿದ್ರೋ ನನಗೆ ಗೊತ್ತಿಲ್ಲ."

"ಹೆಂಗೆ ತೆಗೆದ್ರೇನು ಸಾರ್, ಕಾಂಕ್ರೀಟ್ ಬಂತಲ್ಲ?"

ಮೊದಲನೇ ಮಾತಲ್ಲಿ ಕಾಲುಭಾಗ ನಿಜ ಇದೆ, ಅದಕ್ಕೇ ಬಾಯಿ ಮುಚ್ಚಿಸಿತು. ಪ್ರೆಶರ್ ಜಾಸ್ತಿ ಇದ್ದಾಗ ಅಲ್ಲೊಂದು ಇಲ್ಲೊಂದು ಮೆತ್ತನೆ ಕಲ್ಲು ಸೀಳುತ್ತೆ. ಸಾಲುಸಾಲಾಗಿ ಕರಿಕಲ್ಲು ಸೀಳಲ್ಲ. ಆದರೂ ಆವತ್ತು ನಂಬಿದ್ದಾಯ್ತು. ಮಾರ್ಟರ್ ಹಾಕೋಕೆ ಒಪ್ಪಿಗೆಯೂ ಕೊಟ್ಟಿದ್ದಾಯ್ತು.

ಮಾರ್ಟರ್ ಆಗಿ 28 ದಿನ ಕಳೆದ ಮೇಲೆ ಪುಲ್-ಆಫ್ ಟೆಸ್ಟ್. 50 ಮಿಲಿಮೀಟರ್ ಬಿಲ್ಲೆ ಅಂಟಿಸಿ, ಸುತ್ತ ಹಳೆ ಕಾಂಕ್ರೀಟಿನೊಳಗೆ ಇಳಿಯುವಷ್ಟು ಕೋರ್ ಕೊಯ್ದು ಎಳೆಯೋದು. ಸ್ಪೆಕ್ ಪ್ರಕಾರ ಕನಿಷ್ಠ 1.5 ಮೆಗಾಪಾಸ್ಕಲ್ ಎಳೆತ ತಡೀಬೇಕು. ಬಂದದ್ದು 0.5, 0.7, 0.6. ಅಂಕಿಗಿಂತ ಬಿಲ್ಲೆಯ ಬೆನ್ನು ನೋಡಿ. ಮಾರ್ಟರ್ ಬಿಟ್ಟಿಲ್ಲ, ಅಂಟೂ ಬಿಟ್ಟಿಲ್ಲ. ಮಾರ್ಟರ್ ತಳಕ್ಕೆ ಮೂರು ನಾಲ್ಕು ಮಿಲಿಮೀಟರ್ ಹಳೆ ಕಾಂಕ್ರೀಟ್ ಚಕ್ಕೆ, ಅದರಲ್ಲಿ ಅರ್ಧ ಕಲ್ಲು. ಮಿಕ್ಕರ್ಧ ಸ್ಲ್ಯಾಬಿನಲ್ಲಿ. ಬ್ರೇಕರ್ ಪೆಟ್ಟಿನ ಪದರ ಅಂದ್ರೆ ಅದೇ. ಮೂರು ಪಟ್ಟು ಕೊಟ್ಟದ್ದು ಅದನ್ನ ತಪ್ಪಿಸೋಕೆ.

ಆಮೇಲೆ ಗೇಟಿನ ರಿಜಿಸ್ಟರ್ ತರಿಸಿ ನೋಡಿದ್ದು. ನಿಮಿಷಕ್ಕೆ 100 ಲೀಟರ್, ದಿನಕ್ಕೆ ಟ್ರಿಗ್ಗರ್ ಒತ್ತಿದ್ದು ಐದೇ ಗಂಟೆ ಅಂದ್ರೂ 30,000 ಲೀಟರ್. 6000 ಲೀಟರ್ ಟ್ಯಾಂಕರ್ ದಿನಕ್ಕೆ ಐದು, ನಾಲ್ಕು ದಿನಕ್ಕೆ ಇಪ್ಪತ್ತು. ವಾಚ್‌ಮನ್ ನೀಟಾಗಿ ಬರೆದಿದ್ದು ಮೂರು. ಮೂರೇ ಟ್ಯಾಂಕರ್! 18,000 ಲೀಟರ್ ಭಾಗಿಸು 40: ನಾಲ್ಕು ದಿನದಲ್ಲಿ ಆ ಪಂಪು ಓಡಿದ್ದು ಹೆಚ್ಚೆಂದರೆ ಏಳೂವರೆ ಗಂಟೆ. ಎಂಜಿನಿಯರುಗಳ ಮುಂದೆ ನಡೆದ ಮೋಸ ವಾಚ್‌ಮನ್ ಪುಸ್ತಕದಲ್ಲಿ ದಿನಾಂಕ ಸಮೇತ ಇತ್ತು.

ಫಿನಾಲ್ಫ್ತಲೀನ್ (ಕ್ಷಾರ ಇದ್ದ ಕಡೆ ಪಿಂಕ್ ಆಗೋ ದ್ರಾವಣ) ನಾಟಕ ಬೇರೆ. ತೊಳೆದ ಜಾಗಕ್ಕೆ ಸಿಂಪಡಿಸಿ "ನೋಡಿ ಪಿಂಕ್ ಬಂತು, ಕಾಂಕ್ರೀಟ್ ಆರೋಗ್ಯವಾಗಿದೆ" ಅಂದ್ರು. ಸಿಮೆಂಟ್ ಕೆಸರಿನ ನೀರೇ ಪಿಎಚ್ 12ರ ಆಸುಪಾಸು. ಅದು ಬಳಿದುಕೊಂಡ ಮೈ ಸತ್ತಿದ್ದರೂ ಪಿಂಕ್ ಬರುತ್ತೆ. ಹೊಸದಾಗಿ ಒಡೆದ ಒಣ ಮುಖದ ಮೇಲೆ ಮಾಡಬೇಕಾದ ಟೆಸ್ಟ್ ಅದು. ಅಷ್ಟಕ್ಕೂ ಅದು ಹೇಳೋದು ಕಾರ್ಬನೇಷನ್ ಬಗ್ಗೆ, ಅಂದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್‌ಗೆ ಕಾಂಕ್ರೀಟಿನ ಕ್ಷಾರ ಕಳೆದುಹೋಗೋದು. ಕಡಲ ಬದಿಯ ರೋಗ ಉಪ್ಪಿನ ಕ್ಲೋರೈಡ್, ಅದಕ್ಕೆ ಡ್ರಿಲ್ ಪುಡಿ ಲ್ಯಾಬಿಗೆ ಹೋಗಬೇಕು.

ನೀವು ಮಾಡಿಸೋದಾದ್ರೆ: ಕೊಟೇಶನ್‌ನಲ್ಲಿ ಬಾರ್, ಲೀಟರ್, ಕಿಲೋವ್ಯಾಟ್ ಮೂರೂ ಬರೆಸಿ, 600ರ ಲೆಕ್ಕ ಹಾಕಿ. ಟ್ಯಾಂಕರ್ ಎಣಿಸಿ. ಟ್ರಯಲ್ ಪ್ಯಾಚ್ ಆಗೋವರೆಗೆ ಒಂದು ರೂಪಾಯಿ ಕೊಡಬೇಡಿ. ಸೈಟಿನೊಳಗೆ ಬ್ರೇಕರ್ ಕಂಡರೆ ಕೆಲಸ ನಿಲ್ಲಿಸಿ, ಮೂಲೆ ಗೀಲೆ ಅನ್ನೋ ಕಥೆ ಕೇಳಬೇಡಿ. ಕಂಬಿ ಹಿಂದೆ ಕನಿಷ್ಠ 20 ಮಿಲಿಮೀಟರ್ ಬಿಡಿಸಿದ್ದಾರಾ ಬೆರಳು ಹಾಕಿ ನೋಡಿ. ಕಂಬಿ ಬಿಡಿಸೋ ಮುಂಚೆ ಸ್ಲ್ಯಾಬಿನ ಕೆಳಗೆ ಜಾಕ್ ಕೊಡಿಸಿ. ಪೋಸ್ಟ್ ಟೆನ್ಶನ್ ಸ್ಲ್ಯಾಬ್ (ಒಳಗೆ ಎಳೆದು ಬಿಗಿದ ಉಕ್ಕಿನ ಕೇಬಲ್ ಇರೋದು) ಆಗಿದ್ರೆ ಡ್ರಾಯಿಂಗ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ. ಕೆಸರು ಒಣಗೋ ಮುಂಚೆ ಅವತ್ತಿಂದು ಅವತ್ತೇ ತೊಳೆಸಿ, ಒಣಗಿದರೆ ಮತ್ತೆ ಸಿಮೆಂಟಿನ ಹಾಗೇ ಕೂರುತ್ತೆ. ಆ ನೀರನ್ನ ಮೋರಿಗೆ ಬಿಡಬೇಡಿ, ತೊಟ್ಟಿಯಲ್ಲಿ ತಂಗಿಸಿ, ಪಿಎಚ್ 9ರ ಕೆಳಗೆ ಇಳಿಸಿ ಬಿಡಬೇಕು.

ಇವರು ಪೋಡಿಯಂನ ಮಳೆನೀರಿನ ಪೈಪಿಗೇ ಬಿಟ್ಟಿದ್ರು. ನಾಲ್ಕಿಂಚಿನ ಪೈಪಲ್ಲಿ ಈಗ ಒಂದೂವರೆ ಇಂಚು ದಾರಿ ಉಳಿದಿದೆ, ಮಿಕ್ಕಿದ್ದು ಕಲ್ಲು. ಮಾರ್ಟರ್ ಪೂರ್ತಿ ಕೀಳಿಸಬೇಕು. ನಿನ್ನೆ ಸಂಜೆ ಅವರ ಮೆಸೇಜು: "ಸಾರ್, ಬ್ಯಾಲೆನ್ಸ್ ಪೇಮೆಂಟ್ ಯಾವಾಗ?"