ಮರದ ಪ್ರೊಪೆಲ್ಲರೋ, ಪಿಚ್ ಬದಲಿಸುವುದೋ?

ಎರಡು ಸೀಟಿನ ಸ್ವಂತ ವಿಮಾನ, 80 ಅಶ್ವಶಕ್ತಿಯ ರೋಟಾಕ್ಸ್ 912 ಎಂಜಿನ್. ಇದಕ್ಕೆ ಯಾವ ಪ್ರೊಪೆಲ್ಲರ್ ಅಂತ ಕೇಳಿದ್ದೀರಿ. ಪಿಚ್ ಅಂದರೆ ಪ್ರೊಪೆಲ್ಲರ್ ಅಲಗುಗಳ ಓರೆ ಕೋನ.

ಮೊದಲು ನಮ್ಮ ಊರಿನ ಗಾಳಿ ನೋಡಿ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಬಿಸಿಗೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು ಸುಮಾರು 6,000 ಅಡಿ ಎತ್ತರದಂತೆ. ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿ ಶೇಕಡಾ 10ಕ್ಕಿಂತ ಜಾಸ್ತಿ ಇಳಿಯುತ್ತದೆ, ರೆಕ್ಕೆಗೂ ಗಾಳಿ ತೆಳು. ಹಾಗಾಗಿ ವೇಗಕ್ಕೆಂದು ಮಾಡಿದ ಜಾಸ್ತಿ ಪಿಚ್‌ನ ಪ್ರೊಪೆಲ್ಲರ್ ಇಲ್ಲಿ ಏಳುವಾಗಲೇ ತಿಣುಕುತ್ತದೆ.

ಬೆಲೆ, ತೂಕ ಎರಡರಲ್ಲೂ ಮರದ್ದೇ ಮುಂದೆ. ನಡುಕವನ್ನೂ ಚೆನ್ನಾಗಿ ನುಂಗುತ್ತದೆ. ಆದರೆ ಪಿಚ್ ಒಮ್ಮೆ ಕೆತ್ತಿದ್ದೇ ಕೊನೆ. ಮಳೆಯಲ್ಲಿ ಹಾರಿದರೆ ಅಂಚು ಸವೆಯುತ್ತದೆ. ತೇವ ಬದಲಾದಂತೆ ಮರ ಉಬ್ಬಿ ಕುಗ್ಗುವುದರಿಂದ ಬೋಲ್ಟ್ ಬಿಗಿ ನೋಡುತ್ತಲೇ ಇರಬೇಕು.

ನೆಲದ ಮೇಲೆ ಪಿಚ್ ತಿರುಗಿಸುವ ಕಾಂಪೊಸಿಟ್ (ನಾರು, ರಾಳ ಸೇರಿಸಿ ಮಾಡಿದ) ಪ್ರೊಪೆಲ್ಲರ್ ದುಬಾರಿ. ಆದರೆ ಹೊಸ ವಿಮಾನಕ್ಕೆ ಯಾವ ಪಿಚ್ ಸರಿ ಅಂತ ಹಾರಿಸಿಯೇ ತಿಳಿಯಬೇಕು, ಅಲ್ವಾ? ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 5,800 ಸುತ್ತು ದಾಟಬಾರದು. ಅದೂ 5 ನಿಮಿಷ ಮಾತ್ರ, ಆಮೇಲೆ 5,500. ದಾಟಿದರೆ ಪಿಚ್ ಹೆಚ್ಚಿಸಿ, ತೀರಾ ಕಡಿಮೆ ಬಂದರೆ ಇಳಿಸಿ. ಎಲ್ಲ ಅಲಗುಗಳ ಕೋನ ಒಂದೇ ಇರಲಿ, ಇಲ್ಲದಿದ್ದರೆ ನಡುಕ ಖಂಡಿತ.

ಹಾರುವಾಗಲೇ ಪಿಚ್ ಬದಲಿಸುವ ಮೂರನೆಯದು ದೂರದೂರಿಗೆ ಹೋಗುವವರಿಗೆ. ಸುಮ್ನೆ ಸುತ್ತು ಹೊಡೆಯಲು ಅಷ್ಟು ತೂಕ, ಖರ್ಚು ಯಾಕೆ?

ಅದೇ ಮಾದರಿಯ ವಿಮಾನಕ್ಕೆ, ಇಲ್ಲೇ ಒಗ್ಗಿದ ಮರದ ಅಳತೆ ಸಿಕ್ಕರೆ ಅದನ್ನೇ ಹಾಕಿ. ನಿಮ್ಮದೇ ವಿನ್ಯಾಸವಾದರೆ ನಾನಂತೂ ನೆಲದಲ್ಲಿ ತಿರುಗಿಸುವುದನ್ನೇ ಕೊಳ್ಳುತ್ತಿದ್ದೆ.