ಅಮೆರಿಕದ ಅಂಗಡಿಯ ಸೋನಾ ಮಸೂರಿ ಚೀಲ: ಕೊಳ್ಳುವ ಮುನ್ನ

20 ಪೌಂಡ್ ಚೀಲವೆಂದರೆ 9.07 ಕಿಲೋ. 2023ರ ಜುಲೈ 20ರಂದು ಭಾರತ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಇಲ್ಲಿನ ಅಂಗಡಿಗಳಲ್ಲಿ 'ಮನೆಗೊಂದೇ ಚೀಲ' ಎಂಬ ಬೋರ್ಡು ಬಿತ್ತು. ಊರಲ್ಲಿ ದರ ಹಿಡಿದಿಡುವ ಉದ್ದೇಶವೇನೋ ಸರಿ. ಆದರೆ ಅಗ್ಗದ ಅಕ್ಕಿಯ ಜೊತೆ ಸಿಂಧನೂರು, ಗಂಗಾವತಿ ಕಡೆಯ ಸೋನಾವನ್ನೂ ಒಂದೇ ಗಂಟಿಗೆ ಕಟ್ಟಿದ್ದು ಒರಟು ಕೆಲಸ. ನಿಷೇಧ ತೆರವಾಗಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ಈಗ ಬೆಲೆಗಿಂತ ಮೊದಲು ಪ್ಯಾಕಿಂಗ್ ತಿಂಗಳು ನೋಡಿ. ಕಾಳು ಅಚ್ಚ ಬಿಳಿಯಿದ್ದರೆ ಬಹುಶಃ ಹೊಸದು: ಲೋಟಕ್ಕೆ ಎರಡು ಲೋಟ ನೀರು ಸಾಕು, ಹೆಚ್ಚಾದರೆ ಚಿತ್ರಾನ್ನ ಮುದ್ದೆಯಾಗುತ್ತದೆ. ತುಸು ಹಳದಿ ಛಾಯೆಯ ಹಳೆ ಅಕ್ಕಿಗೆ ಎರಡೂವರೆ ಬೇಕು. 'ಸ್ಟೀಮ್' (ಹಬೆ ಕೊಟ್ಟ ಅಕ್ಕಿ) ಎಂದು ಅಚ್ಚಾಗಿದ್ದರೆ ಅನ್ನ ಉದುರುದುರು, ರುಚಿ ಮಾತ್ರ ಸಪ್ಪೆ.