60 ಎಲೆಕ್ಟ್ರೋಡ್‌ಗಳ ಎಂಇಎ ತಟ್ಟೆ: ವೇಗ ಅಳೆಯಲು ಎಷ್ಟು ನಂಬಬಹುದು?

ಆಕರಕೋಶಗಳಿಂದ (ಸ್ಟೆಮ್ ಸೆಲ್) ಬೆಳೆಸಿದ ಹೃದಯಕೋಶಗಳಲ್ಲಿ ವಿದ್ಯುತ್ ಸಂಕೇತ ಎಷ್ಟು ವೇಗವಾಗಿ, ಯಾವ ದಿಕ್ಕಿಗೆ ಸಾಗುತ್ತದೆ ಎಂಬುದನ್ನು ಅಳೆಯಲು ಪ್ರಯೋಗಾಲಯಗಳು ಬಳಸುವ ಸಾಧನಗಳಲ್ಲಿ ಮೈಕ್ರೋಎಲೆಕ್ಟ್ರೋಡ್ ಅರೇ, ಅಂದರೆ ಎಂಇಎ, ಮುಖ್ಯವಾದುದು. ಈ ವಿಮರ್ಶೆ ಅದರ ಸರಳ ರೂಪವಾದ ಗಾಜಿನ ತಟ್ಟೆಯನ್ನು ಕುರಿತದ್ದು. ಇದರಲ್ಲಿ ನಾಲ್ಕು ಮೂಲೆಗಳನ್ನು ಬಿಟ್ಟು 8×8 ಚೌಕದಲ್ಲಿ 60 ಎಲೆಕ್ಟ್ರೋಡ್‌ಗಳಿರುತ್ತವೆ. ಒಂದೊಂದರ ವ್ಯಾಸ 30 ಮೈಕ್ರೊಮೀಟರ್, ನಡುವಿನ ಅಂತರ 200 ಮೈಕ್ರೊಮೀಟರ್.

ವೋಲ್ಟೇಜಿಗೆ ಸ್ಪಂದಿಸುವ ಬಣ್ಣ ಹಾಕಿ ಕ್ಯಾಮೆರಾದಲ್ಲಿ ಸೆರೆಹಿಡಿಯುವ ಆಪ್ಟಿಕಲ್ ಮ್ಯಾಪಿಂಗ್ ಇದಕ್ಕಿಂತ ವಿಸ್ತಾರವಾದ ಚಿತ್ರ ಕೊಡುತ್ತದೆ. ಆದರೆ ಬಣ್ಣವೂ ಬೆಳಕೂ ಸೇರಿ ಕೋಶಗಳನ್ನು ಘಾಸಿಗೊಳಿಸುವುದರಿಂದ, ಒಂದೇ ಕೋಶಪದರವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾದವರಿಗೆ ಎಂಇಎ ತಟ್ಟೆಯೇ ಅನುಕೂಲ. ಇದನ್ನು ಇನ್‌ಕ್ಯುಬೇಟರಿನಿಂದ ತೆಗೆದು, ಅಳೆದು, ಮತ್ತೆ ಒಳಗಿಡಬಹುದು.

ಕೊಳ್ಳುವ ಮುನ್ನ ಒಂದು ಲೆಕ್ಕ ಹಾಕಿಕೊಳ್ಳಬೇಕು. ವಯಸ್ಕ ಹೃತ್ಕುಕ್ಷಿಯಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಸಾಗಿದರೆ, ಈ ಎಳೆಯ ಕೋಶಗಳಲ್ಲಿ ಅದು ಸಾಮಾನ್ಯವಾಗಿ 10ರಿಂದ 20 ಸೆಂ.ಮೀ. ಮಾತ್ರ. ಸೋಡಿಯಂ ಪ್ರವಾಹ ದುರ್ಬಲವಾಗಿರುವುದೂ, ಕೋಶದಿಂದ ಕೋಶಕ್ಕೆ ಸಂಕೇತ ದಾಟಿಸುವ ಕನೆಕ್ಸಿನ್ 43 ಎಂಬ ಪ್ರೋಟೀನ್ ಕಡಿಮೆಯಿರುವುದೂ ಇದಕ್ಕೆ ಕಾರಣ. 20 ಸೆಂ.ಮೀ. ವೇಗದಲ್ಲಿ ಅಲೆಯು ಪಕ್ಕದ ಎಲೆಕ್ಟ್ರೋಡನ್ನು ತಲುಪಲು ಬೇಕಾಗುವುದು ಕೇವಲ 1 ಮಿಲಿಸೆಕೆಂಡ್. ಹಾಗಾಗಿ 1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಮಿಲಿಸೆಕೆಂಡಿಗೆ ಒಮ್ಮೆ ಮಾತ್ರ, ದಾಖಲಿಸಿದರೆ ಪಕ್ಕಪಕ್ಕದ ಎಲೆಕ್ಟ್ರೋಡ್‌ಗಳ ನಡುವಿನ ವ್ಯತ್ಯಾಸ ಸರಿಯಾಗಿ ತಿಳಿಯದು, 10 ಕಿಲೋಹರ್ಟ್ಸ್ ಆದರೂ ಬೇಕು.

ನನ್ನ ಮುಖ್ಯ ತಕರಾರು ತಂತ್ರಾಂಶ ತೋರಿಸುವ ಸರಾಸರಿ ವೇಗದ ಬಗ್ಗೆ. ಪ್ರತಿ ಎಲೆಕ್ಟ್ರೋಡಿನಲ್ಲಿ ಸಂಕೇತ ಅತಿ ಕಡಿದಾಗಿ ಇಳಿದ ಕ್ಷಣವನ್ನು ಅದು ಸರಿಯಾಗಿಯೇ ಗುರುತಿಸುತ್ತದೆ. ಆದರೆ ಮಿಡಿತ ಚೌಕದ ನಡುವಿನಿಂದಲೇ ಹುಟ್ಟಿದಾಗ, ಅಥವಾ ಎರಡು ಬದಿಯಿಂದ ಬಂದ ಅಲೆಗಳು ಒಳಗೇ ಡಿಕ್ಕಿಯಾದಾಗ, ಹಲವು ಎಲೆಕ್ಟ್ರೋಡ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಎಚ್ಚೆತ್ತು ವೇಗ ಅಸಂಭವವೆನಿಸುವಷ್ಟು ಏರಿಬಿಡುತ್ತದೆ. ಆದ್ದರಿಂದ ಮೊದಲು ಯಾವ ಎಲೆಕ್ಟ್ರೋಡ್ ಯಾವಾಗ ಎಚ್ಚೆತ್ತಿತೆಂದು ತೋರಿಸುವ ಸಮಯದ ನಕ್ಷೆಯನ್ನು ನೋಡಿ, ಅಲೆ ಒಂದೇ ಕಡೆಯಿಂದ ದಾಟಿದ ಮಿಡಿತಗಳನ್ನಷ್ಟೇ ಆರಿಸಿಕೊಳ್ಳಬೇಕು. ಅಂಚಿನ ಎಲೆಕ್ಟ್ರೋಡಿನಿಂದ ಪ್ರಚೋದನೆ ಕೊಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ, ಮಿಡಿತದ ದರವೂ ಸ್ಥಿರವಾಗುತ್ತದೆ; ಸುತ್ತಲಿನ ಕೆಲವು ಎಲೆಕ್ಟ್ರೋಡ್‌ಗಳ ದಾಖಲೆ ಮಾತ್ರ ಆ ಪ್ರಚೋದನೆಯ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ.

ನಿರ್ವಹಣೆ ನಾಜೂಕಿನದು. ಕೋಶಗಳು ಅಂಟಿಕೊಳ್ಳಲೆಂದು ಹಾಕುವ ಫೈಬ್ರೊನೆಕ್ಟಿನ್ ಪ್ರೋಟೀನಿನ ಹನಿ ಚೌಕದ ಮೇಲೆ ಸರಿಯಾಗಿ ಕೂರದಿದ್ದರೆ ಕೋಶಪದರದಲ್ಲಿ ತೂತುಗಳು ಉಳಿದು, ಅಲೆ ಬಳಸಿಕೊಂಡು ಹೋಗುತ್ತದೆ. ಅಂಚಿನ ಸಂಪರ್ಕಬಿಂದುಗಳ ಮೇಲೆ ಕೋಶಗಳನ್ನು ಬೆಳೆಸುವ ದ್ರವ (ಮೀಡಿಯಂ) ಚೆಲ್ಲಿ ಒಣಗಿದರೆ ಇಡೀ ಸಾಲಿನ ಸಂಕೇತದಲ್ಲಿ ಗದ್ದಲ ತುಂಬಿಕೊಳ್ಳುತ್ತದೆ. ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತೊಳೆದು ಮರುಬಳಸಬಹುದಾದರೂ ಬಳಸಿದಂತೆಲ್ಲ ಗದ್ದಲ ಹೆಚ್ಚುತ್ತದೆ.

ಹತ್ತಾರು ಔಷಧಗಳನ್ನು ಒಟ್ಟಿಗೆ ಪರೀಕ್ಷಿಸುವವರಿಗೆ ಈ ಒಂಟಿ ತಟ್ಟೆ ತೀರಾ ನಿಧಾನ. ಅವರು 48 ಗುಂಡಿಗಳ (ವೆಲ್) ತಟ್ಟೆ ಕೊಳ್ಳಲಿ; ಆದರೆ ಗುಂಡಿಗೆ 16 ಎಲೆಕ್ಟ್ರೋಡ್‌ಗಳಷ್ಟೇ ಇರುವಲ್ಲಿ ಅಲೆಯ ದಾರಿಯನ್ನು ಇಷ್ಟು ವಿವರವಾಗಿ ಹುಡುಕಲಾಗದು.